ಔಷಧದ ಪ್ರೋಟೀನಿಗೆ ಸರಿಯಾದ ಸಕ್ಕರೆ: ಸೆಲ್ ಬದಲಿಸಬೇಕಾ, ಜೀನ್ ತೆಗೆಯಬೇಕಾ, ಮೀಡಿಯಾ ತಿದ್ದಬೇಕಾ?

ಗೋಶೆ ಕಾಯಿಲೆಯ ಮೂರು ಔಷಧಗಳನ್ನು ಪಕ್ಕಪಕ್ಕ ಇಟ್ಟು ನೋಡಿ: ಇಮಿಗ್ಲುಸೆರೇಸ್, ವೆಲಾಗ್ಲುಸೆರೇಸ್, ಟಾಲಿಗ್ಲುಸೆರೇಸ್. ಮೂರರ ಒಳಗಿರುವುದೂ ಒಂದೇ ಕಿಣ್ವ. ಈ ಕಾಯಿಲೆ ಇರುವವರ ಮ್ಯಾಕ್ರೊಫೇಜ್ ಎಂಬ ರಕ್ಷಣಾ ಕೋಶಗಳಲ್ಲಿ ಒಂದು ಬಗೆಯ ಕೊಬ್ಬು ಕರಗದೆ ತುಂಬಿಕೊಳ್ಳುತ್ತದೆ. ಅದನ್ನು ಒಡೆಯುವ ಕಿಣ್ವವನ್ನು ಹೊರಗಿನಿಂದ ಕೊಡಬೇಕು. ಸುಮ್ನೆ ರಕ್ತಕ್ಕೆ ಬಿಟ್ಟರೆ ಅದು ಆ ಕೋಶದೊಳಗೆ ಸರಿಯಾಗಿ ಸೇರುವುದಿಲ್ಲ. ಮ್ಯಾಕ್ರೊಫೇಜ್‌ನ ಮೈಮೇಲೆ ಮ್ಯಾನೋಸ್ ಎಂಬ ಸಕ್ಕರೆಯನ್ನು ಹಿಡಿಯುವ ರಿಸೆಪ್ಟರ್ ಇದೆ. ಕಿಣ್ವಕ್ಕೆ ಅಂಟಿರುವ ಸಕ್ಕರೆ ಕೊಂಬೆಯ ತುದಿಯಲ್ಲಿ ಮ್ಯಾನೋಸ್ ಇದ್ದರೆ ಮಾತ್ರ ಕೋಶ ಅದನ್ನು ಚೆನ್ನಾಗಿ ಒಳಗೆ ಎಳೆದುಕೊಳ್ಳುತ್ತದೆ.

ಈ ಒಂದೇ ಬೇಡಿಕೆಗೆ ಮೂರು ಔಷಧಗಳು ಮೂರು ದಾರಿ ಹಿಡಿದವು. 1994ರ ಇಮಿಗ್ಲುಸೆರೇಸ್ ತಯಾರಾಗುವುದು ಸಿಎಚ್‌ಒ ಸೆಲ್‌ಗಳಲ್ಲಿ, ಅಂದರೆ ಚೈನೀಸ್ ಹ್ಯಾಮ್‌ಸ್ಟರ್‌ನ ಅಂಡಾಶಯದ ಕೋಶಗಳಲ್ಲಿ. ಸೆಲ್‌ನಿಂದ ಹೊರಬಂದಾಗ ಮ್ಯಾನೋಸ್ ಮೇಲೆ ಬೇರೆ ಸಕ್ಕರೆಗಳು ಕೂತಿರುತ್ತವೆ. ಅವನ್ನು ಆಮೇಲೆ ಕಿಣ್ವ ಹಾಕಿ ಒಂದೊಂದಾಗಿ ಕತ್ತರಿಸುತ್ತಾರೆ. 2010ರ ವೆಲಾಗ್ಲುಸೆರೇಸ್ ಬರುವುದು ಎಚ್‌ಟಿ-1080 ಎಂಬ ಮನುಷ್ಯರ ಸೆಲ್ ಲೈನಿನಿಂದ, ಅಂದರೆ ಲ್ಯಾಬ್‌ನಲ್ಲಿ ಬೆಳೆಸುತ್ತಲೇ ಬಂದ ಕೋಶಗಳ ವಂಶದಿಂದ. ಸೆಲ್ ಬೆಳೆಸುವ ಪೋಷಕ ದ್ರವಕ್ಕೆ, ಅಂದರೆ ಮೀಡಿಯಾಕ್ಕೆ, ಕೈಫುನೆನ್ಸಿನ್ ಎಂಬ ರಾಸಾಯನಿಕ ಹಾಕುತ್ತಾರೆ. ಅದು ಮ್ಯಾನೋಸ್ ಕತ್ತರಿಸುವ ಕಿಣ್ವವನ್ನೇ ತಡೆಯುವುದರಿಂದ ಕೊಂಬೆ ಮುಂದೆ ಬೆಳೆಯುವುದೇ ಇಲ್ಲ. 2012ರ ಟಾಲಿಗ್ಲುಸೆರೇಸ್ ಸಸ್ತನಿಗಳನ್ನೇ ಬಿಟ್ಟು ಕ್ಯಾರೆಟ್ ಸೆಲ್‌ಗಳಿಗೆ ಹೋಯಿತು. ಮೂರೂ ರೋಗಿಗಳ ಕೈ ಸೇರಿವೆ, ಮೂರೂ ಕೆಲಸ ಮಾಡುತ್ತವೆ.

ಈ ಕೆಲಸಕ್ಕೆ ಹೊಸದಾಗಿ ಬರುವವರು ನನ್ನನ್ನು ಮೊದಲು ಕೇಳುವುದು "ಯಾವ ಸೆಲ್ ಲೈನ್ ಒಳ್ಳೆಯದು?" ಅಂತ. ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ನಿಮ್ಮ ಪ್ರೋಟೀನಿನ ಕೆಲಸ ಯಾವ ಸಕ್ಕರೆಯ ಮೇಲೆ ನಿಂತಿದೆ? ನೀವು ಮಾಡುವ ಬದಲಾವಣೆಯನ್ನು ಮುಂದೆ ಯಾವತ್ತಾದರೂ ಹಿಂದಕ್ಕೆ ತೆಗೆದುಕೊಳ್ಳಬೇಕಾಗಬಹುದಾ? ಈ ಎರಡಕ್ಕೆ ಉತ್ತರ ಸಿಕ್ಕರೆ ಮುಕ್ಕಾಲು ಆಯ್ಕೆ ಮುಗಿದ ಹಾಗೆ.

ಸಕ್ಕರೆ ಯಾಕೆ ಇಷ್ಟು ಕಾಡುತ್ತದೆ

ಪ್ರೋಟೀನಿನ ಅಮೈನೋ ಆಸಿಡ್‌ಗಳ ಸಾಲು ಡಿಎನ್‌ಎಯಲ್ಲಿ ಬರೆದಿರುತ್ತದೆ. ಸಕ್ಕರೆಗೆ ಅಂಥ ನಕ್ಷೆ ಇಲ್ಲ. ಆಸ್ಪರಜಿನ್, ಅದರ ಮುಂದೆ ಪ್ರೋಲಿನ್ ಬಿಟ್ಟು ಯಾವುದಾದರೂ ಒಂದು, ಆಮೇಲೆ ಸೆರಿನ್ ಅಥವಾ ಥ್ರಿಯೊನಿನ್. ಈ ಗುರುತು ಕಂಡರೆ ಸೆಲ್ ಅಲ್ಲಿ 14 ಸಕ್ಕರೆಗಳ ಒಂದು ಗೊಂಚಲನ್ನು ಇಡಿಯಾಗಿ ಅಂಟಿಸಬಹುದು. ಮೂರು ಗ್ಲುಕೋಸ್, ಒಂಬತ್ತು ಮ್ಯಾನೋಸ್, ಎರಡು ಎನ್-ಅಸಿಟೈಲ್ ಗ್ಲುಕೋಸಮೀನ್. ಅಲ್ಲಿಂದ ಗಾಲ್ಜಿ ಎಂಬ ಸೆಲ್‌ನೊಳಗಿನ ಭಾಗದ ಮೂಲಕ ಸಾಗುವಾಗ ಒಂದು ಕಿಣ್ವ ಕತ್ತರಿಸುತ್ತದೆ, ಇನ್ನೊಂದು ಸೇರಿಸುತ್ತದೆ. ಪ್ರೋಟೀನ್ ಬೇಗ ದಾಟಿಬಿಟ್ಟರೆ ಒಂದು ಸಕ್ಕರೆ ತಪ್ಪುತ್ತದೆ. ಕಚ್ಚಾ ಸಾಮಗ್ರಿ ಕಡಿಮೆ ಬಿದ್ದರೆ ಇನ್ನೊಂದು ತಪ್ಪುತ್ತದೆ. ಹಾಗಾಗಿ ಒಂದೇ ಕ್ಲೋನ್ (ಒಂದೇ ಸೆಲ್‌ನಿಂದ ಬೆಳೆದ ಗುಂಪು), ಒಂದೇ ದಿನ, ಸೆಲ್ ಬೆಳೆಸುವ ಒಂದೇ ತೊಟ್ಟಿ, ಅಂದರೆ ಬಯೋರಿಯಾಕ್ಟರ್‌ನಿಂದ ಬಂದ ಪ್ರೋಟೀನ್‌ಗಳಲ್ಲೂ ಹತ್ತಾರು ಬಗೆಯ ಕೊಂಬೆಗಳಿರುತ್ತವೆ.

ಪ್ರತಿಕಾಯ ಔಷಧಗಳಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಔಷಧಗಳಲ್ಲಿ ಬಳಸುವ ಐಜಿಜಿ ಬಗೆಯ ಪ್ರತಿಕಾಯದ ಭಾರವಾದ ಸರಪಳಿಯಲ್ಲಿ 297ನೇ ಜಾಗದ ಆಸ್ಪರಜಿನ್‌ಗೆ ಒಂದೇ ಒಂದು ಕೊಂಬೆ. ಇಡೀ ಅಣುವಿನ ತೂಕದಲ್ಲಿ ಅದರ ಪಾಲು ಶೇ 2-3 ಅಷ್ಟೇ. ಪಿಎನ್‌ಜಿಯೇಸ್-ಎಫ್ ಎಂಬ ಕಿಣ್ವದಿಂದ ಆ ಕೊಂಬೆಯನ್ನು ಕತ್ತರಿಸಿ, ಹೊಳೆಯುವ ಬಣ್ಣ ಅಂಟಿಸಿ, ಕೊಂಬೆಗಳನ್ನು ಬೇರ್ಪಡಿಸುವ ಹಿಲಿಕ್ ಕಾಲಮ್‌ನಲ್ಲಿ ಓಡಿಸಿ. ಸಿಎಚ್‌ಒದಿಂದ ಬಂದದ್ದಾದರೆ ಮೊದಲು ಜಿ0ಎಫ್‌ನ, ಅಂದರೆ ಗ್ಯಾಲಕ್ಟೋಸ್ ಇಲ್ಲದ, ಫ್ಯೂಕೋಸ್ ಇರುವ ಕೊಂಬೆಯ ಎತ್ತರದ ಶಿಖರ ಏಳುತ್ತದೆ. ಆಮೇಲೆ ಜಿ1ಎಫ್‌ನ ಅವಳಿ ಶಿಖರಗಳು. ಗ್ಯಾಲಕ್ಟೋಸ್ ಒಂದು ಕವಲಿನಲ್ಲಿದ್ದರೆ ಒಂದು, ಇನ್ನೊಂದು ಕವಲಿನಲ್ಲಿದ್ದರೆ ಇನ್ನೊಂದು. ಕೊನೆಗೆ ಎರಡೂ ಕವಲಿನಲ್ಲಿ ಗ್ಯಾಲಕ್ಟೋಸ್ ಇರುವ ಪುಟ್ಟ ಜಿ2ಎಫ್. ನಡುವೆ ಮ್ಯಾನೋಸ್-5ರ (ತುದಿಗಳಲ್ಲಿ ಮ್ಯಾನೋಸ್ ಉಳಿದ ಕೊಂಬೆ) ಒಂದು ಸಣ್ಣ ಗುಡ್ಡ ಕಾಣಿಸಿದರೆ ಅದನ್ನು ಲಕ್ಷ್ಯ ಕೊಟ್ಟು ನೋಡಿ. ಹೆಚ್ಚು ಮ್ಯಾನೋಸ್ ಇರುವ ಪ್ರತಿಕಾಯ ರಕ್ತದಿಂದ ಬೇಗ ಖಾಲಿಯಾಗುತ್ತದೆ. ಗೋಶೆ ಕಿಣ್ವಕ್ಕೆ ವರವಾದ ಮ್ಯಾನೋಸ್ ಇಲ್ಲಿ ಶಾಪ. ಅದಕ್ಕೇ "ಒಳ್ಳೆಯ ಸಕ್ಕರೆ" ಅಂತ ಒಂದಿಲ್ಲ.

ಮೊದಲ ಆಯ್ಕೆ: ಯಾವ ಸೆಲ್

ಸಿಎಚ್‌ಒ ಈ ಕ್ಷೇತ್ರದ ಹಳೆಯ ಕುದುರೆ. 1957ರಲ್ಲಿ ಥಿಯೊಡೋರ್ ಪಕ್ ಬೆಳೆಸಿದ ಸೆಲ್‌ಗಳ ವಂಶ. 1987ರಲ್ಲಿ ರಕ್ತದ ಗಡ್ಡೆ ಕರಗಿಸುವ ಟಿಪಿಎ ಇದರಲ್ಲೇ ತಯಾರಾಗಿ ಅನುಮತಿ ಪಡೆಯಿತು. ಇವತ್ತು ಪ್ರತಿಕಾಯವಾದರೆ ಲೀಟರ್‌ಗೆ 5 ಗ್ರಾಂ ದಾಟುವುದು ಮಾಮೂಲಿ. ಇದು ಹಾಕುವ ಸಕ್ಕರೆ ಮನುಷ್ಯರದಕ್ಕೆ ತುಂಬಾ ಹತ್ತಿರ, ಆದರೆ ಅದೇ ಅಲ್ಲ. ಸಿಯಾಲಿಕ್ ಆಸಿಡನ್ನು ಆಲ್ಫಾ-2,3 ಕೊಂಡಿಯಲ್ಲಿ ಮಾತ್ರ ಹಾಕುತ್ತದೆ. ಮನುಷ್ಯರಲ್ಲಿರುವ ಆಲ್ಫಾ-2,6 ಕೊಂಡಿ ಇದಕ್ಕೆ ಬರುವುದಿಲ್ಲ. ಕೊಂಬೆಯ ನಡುವೆ ಕೂರುವ, ಬೈಸೆಕ್ಟಿಂಗ್ ಎಂದು ಕರೆಯುವ ಗ್ಲುಕೋಸಮೀನನ್ನೂ ಇದು ಹಾಕುವುದಿಲ್ಲ. ಬಹಳಷ್ಟು ಔಷಧಗಳಿಗೆ ಈ ವ್ಯತ್ಯಾಸದಿಂದ ಏನೂ ಆಗುವುದಿಲ್ಲ. ಇಲ್ಲದಿರುವ ಕಿಣ್ವವನ್ನು ಸೇರಿಸುವುದು ಇರುವುದನ್ನು ಅಡಗಿಸುವುದಕ್ಕಿಂತ ನೇರ ಕೆಲಸವಾದ್ದರಿಂದ, ಎಂಜಿನಿಯರಿಂಗ್ ಮಾಡುವವರಿಗೆ ಸಿಎಚ್‌ಒ ಒಳ್ಳೆಯ ಖಾಲಿ ನೆಲ.

ಇಲಿಯ ಸೆಲ್‌ಗಳಾದ ಎನ್‌ಎಸ್0, ಎಸ್‌ಪಿ2/0 ಬಗ್ಗೆ ನನಗೆ ಎಚ್ಚರಿಕೆ ಜಾಸ್ತಿ. ಕಾರಣ ಸೆಟುಕ್ಸಿಮ್ಯಾಬ್. ಕ್ಯಾನ್ಸರ್‌ಗೆ ಕೊಡುವ ಈ ಪ್ರತಿಕಾಯ ಎಸ್‌ಪಿ2/0ರಲ್ಲಿ ತಯಾರಾಗುತ್ತದೆ. ಅಮೆರಿಕದ ಆಗ್ನೇಯ ರಾಜ್ಯಗಳಲ್ಲಿ ಮೊದಲ ಡೋಸ್‌ಗೇ ಕೆಲವು ರೋಗಿಗಳಿಗೆ ಜೀವಕ್ಕೆ ಅಪಾಯವಾಗುವಷ್ಟು ಅಲರ್ಜಿ ಬರುತ್ತಿತ್ತು. 2008ರಲ್ಲಿ ಕಾರಣ ಹೊರಬಿತ್ತು. ಪ್ರತಿಕಾಯದ ಫ್ಯಾಬ್ ಭಾಗದಲ್ಲಿ, ಅಂದರೆ ಗುರಿಯನ್ನು ಹಿಡಿಯುವ ತೋಳಿನಲ್ಲಿ, ಇನ್ನೊಂದು ಸಕ್ಕರೆ ಕೊಂಬೆ ಇದೆ, ಅದರ ತುದಿಯಲ್ಲಿ ಇಲಿಯ ಸೆಲ್ ಹಾಕಿದ ಆಲ್ಫಾ-ಗ್ಯಾಲ್ ಇತ್ತು. ಮನುಷ್ಯರು ಈ ಸಕ್ಕರೆಯನ್ನು ತಯಾರಿಸುವುದಿಲ್ಲ. ಔಷಧ ಮೈಗೆ ಹೋಗುವ ಮೊದಲೇ ಆ ರೋಗಿಗಳ ರಕ್ತದಲ್ಲಿ ಆಲ್ಫಾ-ಗ್ಯಾಲ್ ವಿರುದ್ಧ ಐಜಿಇ ಎಂಬ ಅಲರ್ಜಿ ಪ್ರತಿಕಾಯ ಕಾದು ಕುಳಿತಿತ್ತು. ಅದು ಹುಟ್ಟುವುದು ಅಲ್ಲಿನ ಒಂದು ಜಾತಿಯ ಉಣ್ಣಿ ಕಚ್ಚುವುದರಿಂದ ಎಂಬುದು ಆಮೇಲೆ ತಿಳಿಯಿತು. ಅದೇ ಪ್ರತಿಕಾಯವನ್ನು ಸಿಎಚ್‌ಒದಲ್ಲಿ ತಯಾರಿಸಿ ನೋಡಿದಾಗ ಆ ಐಜಿಇ ಅದನ್ನು ಹಿಡಿಯಲಿಲ್ಲ. ಅಮೈನೋ ಆಸಿಡ್ ಸಾಲು ಅದೇ, ಬೇರೆಯಾಗಿದ್ದು ಸಕ್ಕರೆ ಮಾತ್ರ. ಹೊಸ ಯೋಜನೆಗೆ ಇಲಿಯ ಸೆಲ್ ಬೇಕೇಬೇಕು ಅನ್ನುವ ಬಲವಾದ ಕಾರಣ ಇಲ್ಲದಿದ್ದರೆ ನಾನಂತೂ ಆ ಕಡೆ ಹೋಗುವುದಿಲ್ಲ. ಹೋಗಲೇಬೇಕಾದರೆ ನ್ಯೂ5ಜಿಸಿ ಎಂಬ ಇನ್ನೊಂದು ಅನ್ಯ ಸಕ್ಕರೆಯನ್ನೂ ಅಳೆಯಿರಿ. ಅದನ್ನು ತಯಾರಿಸುವ ಜೀನ್ ಮನುಷ್ಯರಲ್ಲಿ ಬಹಳ ಹಿಂದೆಯೇ ಕೆಟ್ಟುಹೋಗಿದೆ.

ಅನ್ಯ ಸಕ್ಕರೆ ಬೇಡ ಅಂದರೆ ಮನುಷ್ಯರ ಸೆಲ್‌ಗಳನ್ನೇ ಬಳಸಬಹುದಲ್ವಾ? ಬಳಸುತ್ತಾರೆ. ಹಿಮೊಫಿಲಿಯಾಕ್ಕೆ ಕೊಡುವ, ಎಫ್‌ಸಿ (ಪ್ರತಿಕಾಯದ ಬಾಲದ ಭಾಗ) ಜೋಡಿಸಿದ ಫ್ಯಾಕ್ಟರ್ 8 ಮತ್ತು ಫ್ಯಾಕ್ಟರ್ 9 ಹೆಕ್ 293 ಸೆಲ್‌ಗಳಿಂದ ಬರುತ್ತವೆ. ಸಕ್ಕರೆ, ಸಲ್ಫೇಟ್, ಗಾಮಾ ಕಾರ್ಬಾಕ್ಸಿಲ್ ಗುಂಪು, ಹೀಗೆ ಒಂದೇ ಪ್ರೋಟೀನಿಗೆ ಹಲವು ಅಲಂಕಾರ ಬೇಕಾದಾಗ ಈ ದಾರಿಗೆ ಅರ್ಥವಿದೆ. ಇಳುವರಿ ಸಾಮಾನ್ಯವಾಗಿ ಸಿಎಚ್‌ಒಗಿಂತ ಕಡಿಮೆ. ಮನುಷ್ಯರಿಗೆ ತಗಲುವ ವೈರಸ್‌ಗಳು ಇದರಲ್ಲೂ ಬೆಳೆಯಬಲ್ಲವು, ಹಾಗಾಗಿ ವೈರಸ್ ಪರೀಕ್ಷೆಯ ಹೊರೆ ಹೆಚ್ಚು.

ಫ್ಯೂಕೋಸ್ ತೆಗೆಯಲು ಐದು ದಾರಿ

ಸಸ್ತನಿ ಕೋಶಗಳ ಸಕ್ಕರೆ ಎಂಜಿನಿಯರಿಂಗ್‌ನಲ್ಲಿ ಇಲ್ಲಿಯವರೆಗಿನ ದೊಡ್ಡ ಗೆಲುವು ಯಾವುದು ಅಂತ ಕೇಳಿದರೆ ನಾನು ಫ್ಯೂಕೋಸ್ ಅನ್ನುತ್ತೇನೆ. ಪ್ರತಿಕಾಯದ ಕೊಂಬೆಯ ಬುಡದಲ್ಲೇ ಕೂರುವ ಒಂದು ಚಿಕ್ಕ ಸಕ್ಕರೆ ಅದು. ಪ್ರತಿಕಾಯ ಕ್ಯಾನ್ಸರ್ ಕೋಶವನ್ನು ಹಿಡಿದ ಮೇಲೆ ದೇಹದ ರಕ್ಷಣೆಯ ಎನ್‌ಕೆ ಕೋಶ ಬಂದು ಅದನ್ನು ಕೊಲ್ಲಬೇಕು. ಎನ್‌ಕೆ ಕೋಶ ಪ್ರತಿಕಾಯವನ್ನು ಹಿಡಿಯುವುದು ಎಫ್‌ಸಿ ಗಾಮಾ ರಿಸೆಪ್ಟರ್ 3ಎ ಎಂಬ ಕೈಯಿಂದ. ಆ ರಿಸೆಪ್ಟರ್‌ಗೂ ಒಂದು ಸಕ್ಕರೆ ಕೊಂಬೆ ಇದೆ. ಪ್ರತಿಕಾಯದ ಫ್ಯೂಕೋಸ್ ಅದಕ್ಕೆ ಅಡ್ಡ ಬರುತ್ತದೆ. ಫ್ಯೂಕೋಸ್ ತೆಗೆದರೆ ಹಿಡಿತ 50 ಪಟ್ಟಿನವರೆಗೆ ಬಿಗಿಯಾಗುತ್ತದೆ ಎಂದು 2002ರಲ್ಲಿ ತೋರಿಸಲಾಯಿತು. ಹುಟ್ಟಿನಿಂದಲೇ ಈ ರಿಸೆಪ್ಟರ್‌ನ ದುರ್ಬಲ ರೂಪ ಪಡೆದವರಿಗೂ ಇದರಿಂದ ಲಾಭ. ಒಂದು ಸಕ್ಕರೆಯಿಂದ ಇಷ್ಟು ವ್ಯತ್ಯಾಸ ಎಂಬುದು ನನಗೆ ಇವತ್ತಿಗೂ ಮೈ ಜುಮ್ಮೆನ್ನಿಸುವ ವಿಷಯ.

ಮೊದಲ ದಾರಿ, ಫ್ಯೂಕೋಸ್ ಅಂಟಿಸುವ ಎಫ್‌ಯುಟಿ8 ಜೀನನ್ನೇ ತೆಗೆದುಬಿಡುವುದು. 2004ರಲ್ಲಿ ಜಪಾನಿನ ಕ್ಯೋವಾ ಹಕ್ಕೋ ಸಂಶೋಧಕರು ಸಿಎಚ್‌ಒದ ಎರಡೂ ಪ್ರತಿಗಳನ್ನು ತೆಗೆದರು. ಆ ಬಗೆಯ ಸೆಲ್‌ಗಳಿಂದಲೇ ಮೊಗಮುಲಿಜುಮ್ಯಾಬ್ ಮತ್ತು ಬೆನ್ರಾಲಿಜುಮ್ಯಾಬ್ ಬಂದವು. ಮೊದಲನೆಯದಕ್ಕೆ 2012ರಲ್ಲಿ ಜಪಾನಿನಲ್ಲಿ, ಎರಡನೆಯದಕ್ಕೆ 2017ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಆಗ ಹಳೆಯ ವಿಧಾನದಲ್ಲಿ ಇದು ಭಾರೀ ಶ್ರಮದ ಕೆಲಸ. ಈಗ ಜೀನ್ ತಿದ್ದುವ ಕ್ರಿಸ್ಪರ್ ಇದೆ, ಕೆಲವು ವಾರಗಳಲ್ಲಿ ಆಗುತ್ತದೆ.

ಜೀನ್ ಹೋಗಿದೆಯಾ ಇಲ್ವಾ ಎಂದು ತಿಳಿಯುವ ವಿಧಾನ ತುಂಬಾ ಸೊಗಸಾಗಿದೆ. ಮಸೂರ ಬೇಳೆಯಲ್ಲಿ ಎಲ್‌ಸಿಎ ಎಂಬ ಲೆಕ್ಟಿನ್, ಅಂದರೆ ಸಕ್ಕರೆ ಹಿಡಿಯುವ ಪ್ರೋಟೀನ್ ಇರುತ್ತದೆ. ಅದು ಬುಡದಲ್ಲಿ ಫ್ಯೂಕೋಸ್ ಇರುವ ಕೊಂಬೆಗಳನ್ನು ಹುಡುಕಿ ಹಿಡಿಯುತ್ತದೆ, ಹಿಡಿದ ಸೆಲ್ ಸಾಯುತ್ತದೆ. ಕ್ರಿಸ್ಪರ್ ಕೊಟ್ಟ ಸೆಲ್‌ಗಳ ಮೇಲೆ ಎಲ್‌ಸಿಎ ಹಾಕಿ ಕೆಲವು ದಿನ ಬಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಿ. ತಟ್ಟೆಗೆ ಅಂಟಿಕೊಂಡು ಚಪ್ಪಟೆಯಾಗಿದ್ದ ಸೆಲ್‌ಗಳು ಗುಂಡಗಾಗಿ, ಒಂದಕ್ಕೊಂದು ಅಂಟಿ, ತೇಲಲು ಶುರುವಾಗಿರುತ್ತವೆ. ತಟ್ಟೆ ಬಹುಪಾಲು ಖಾಲಿ. ಅಲ್ಲೊಂದು ಇಲ್ಲೊಂದು ಸೆಲ್ ಮಾತ್ರ ಏನೂ ಆಗದ ಹಾಗೆ ಚಪ್ಪಟೆಯಾಗಿಯೇ ಕೂತಿರುತ್ತದೆ. ಫ್ಯೂಕೋಸ್ ಕಳೆದುಕೊಂಡದ್ದು ಅದೇ. ಇನ್ನೂ ಕೆಲವು ದಿನಕ್ಕೆ ಅದರ ಸುತ್ತ ಒಂದು ಕಾಲನಿ ಬೆಳೆಯುತ್ತದೆ. ಸರಿಯಾದ ಸೆಲ್ ತನ್ನನ್ನು ತಾನೇ ತೋರಿಸಿಕೊಳ್ಳುವ ಇಂಥ ಆಯ್ಕೆ ಈ ಕೆಲಸದಲ್ಲಿ ಅಪರೂಪ. ಆದರೂ ಜೀನ್ ಸೀಕ್ವೆನ್ಸ್ ಮಾಡದೆ ಬಿಡಬೇಡಿ. ಫ್ಯೂಕೋಸ್ ತಯಾರಿಯ ಬೇರೆ ಹಂತ ಕೆಟ್ಟ ಸೆಲ್ ಕೂಡ ಎಲ್‌ಸಿಎ ದಾಟಿಬರುತ್ತದೆ.

ಎರಡನೆಯ ದಾರಿ, ಎಫ್‌ಯುಟಿ8 ಮುಟ್ಟದೆ ಅದಕ್ಕೆ ಬೇಕಾದ ಕಚ್ಚಾ ಸಾಮಗ್ರಿ ಜಿಡಿಪಿ-ಫ್ಯೂಕೋಸ್ ತಯಾರಾಗದಂತೆ ಮಾಡುವುದು. ಇದಕ್ಕೆ ಜಿಎಂಡಿ ಜೀನ್ ತೆಗೆಯುತ್ತಾರೆ. ವಿಜ್ಞಾನಿ ಪಮೇಲಾ ಸ್ಟ್ಯಾನ್ಲಿ ಲೆಕ್ಟಿನ್ ಹಾಕಿ ಆರಿಸಿದ ಪ್ರಸಿದ್ಧ ಲೆಕ್ ಸಿಎಚ್‌ಒ ಸೆಲ್‌ಗಳಲ್ಲಿ ಲೆಕ್13 ಇದೇ ಜಾತಿಯದು. ಇದರಲ್ಲಿ ಒಂದು ಅನುಕೂಲ ಇದೆ. ಸೆಲ್‌ಗೆ ಫ್ಯೂಕೋಸ್ ಮರುಬಳಕೆಯ ಇನ್ನೊಂದು ಹಾದಿ ಇರುವುದರಿಂದ, ಮೀಡಿಯಾಕ್ಕೆ ಎಲ್-ಫ್ಯೂಕೋಸ್ ಹಾಕಿದರೆ ಫ್ಯೂಕೋಸ್ ಮತ್ತೆ ಬರುತ್ತದೆ. ಎಷ್ಟು ಹಾಕುತ್ತೀರೋ ಅದಕ್ಕೆ ತಕ್ಕ ಹಾಗೆ. ಅಂದರೆ ಇದು ಹಿಂದಕ್ಕೆ ಬರಬಹುದಾದ ದಾರಿ. ಅದೇ ಕಾರಣಕ್ಕೆ ಇದರ ದೋಷವೂ ಗೊತ್ತಾಗುತ್ತದೆ: ಮೀಡಿಯಾದ ಯಾವುದಾದರೂ ಘಟಕದ ಜೊತೆ ಅಷ್ಟಿಷ್ಟು ಫ್ಯೂಕೋಸ್ ನುಸುಳಿದರೆ ನಿಮ್ಮ ಲೆಕ್ಕ ತಪ್ಪುತ್ತದೆ. ಎಫ್‌ಯುಟಿ8 ತೆಗೆದವರಿಗೆ ಆ ಚಿಂತೆ ಇಲ್ಲ.

ಮೂರನೆಯದು ಸೇರಿಸುವ ದಾರಿ. 1999ರಲ್ಲಿ ಪ್ಯಾಬ್ಲೊ ಉಮಾನ್ಯ ಮತ್ತು ಜೊತೆಗಾರರು ಸಿಎಚ್‌ಒಗೆ ಜಿಎನ್‌ಟಿ-3 ಎಂಬ ಕಿಣ್ವ ಕೊಟ್ಟರು. ಅದು ಕೊಂಬೆಯ ನಡುವೆ ಬೈಸೆಕ್ಟಿಂಗ್ ಸಕ್ಕರೆ ಇಡುತ್ತದೆ. ಅದು ಕೂತ ಮೇಲೆ ಎಫ್‌ಯುಟಿ8ಗೆ ಕೆಲಸ ಮಾಡಲು ಜಾಗ ಸಿಗುವುದಿಲ್ಲ. ಇದರ ಜೊತೆ ಮ್ಯಾನೋಸಿಡೇಸ್-2 ಕೂಡ ಹೆಚ್ಚಿಸಿ ತಯಾರಿಸಿದ ಒಬಿನುಟುಜುಮ್ಯಾಬ್ 2013ರಲ್ಲಿ ಅನುಮತಿ ಪಡೆಯಿತು. ಇಲ್ಲಿ ಫ್ಯೂಕೋಸ್ ಪೂರ್ತಿ ಹೋಗುವುದಿಲ್ಲ, ಕಡಿಮೆಯಾಗುತ್ತದೆ. ಹೊಸ ಜೀನ್ ಎಷ್ಟು ಜೋರಾಗಿ ಓಡುತ್ತದೆ ಎಂಬುದರ ಮೇಲೆ ಎಲ್ಲ ನಿಂತಿದೆ, ತಲೆಮಾರು ಕಳೆದ ಹಾಗೆ ಅದು ಕುಗ್ಗಲೂಬಹುದು. ಇವತ್ತು ಹೊಸದಾಗಿ ಶುರುಮಾಡುವವರಿಗೆ ನಾನು ಇದನ್ನು ಮೊದಲ ಆಯ್ಕೆ ಎನ್ನುವುದಿಲ್ಲ.

ನಾಲ್ಕನೆಯದು ನನಗೆ ತುಂಬಾ ಹಿಡಿಸಿದ್ದು. ಬ್ಯಾಕ್ಟೀರಿಯಾದಿಂದ ತಂದ ಆರ್‌ಎಂಡಿ ಎಂಬ ಕಿಣ್ವವನ್ನು ಸೆಲ್‌ನೊಳಗೆ ಇಡುತ್ತಾರೆ. ಫ್ಯೂಕೋಸ್ ಆಗಬೇಕಿದ್ದ ಸಾಮಗ್ರಿಯನ್ನು ಅದು ಅರ್ಧದಾರಿಯಲ್ಲಿ ಹಿಡಿದು ರ‍್ಯಾಮ್ನೋಸ್ ಕಡೆಗೆ ತಿರುಗಿಸುತ್ತದೆ. ಸಸ್ತನಿ ಕೋಶಕ್ಕೆ ಅದರಿಂದ ಏನೂ ಉಪಯೋಗವಿಲ್ಲ, ಹಾಗಾಗಿ ಫ್ಯೂಕೋಸ್ ಖಾಲಿ. ಇದರ ದೊಡ್ಡ ಗುಣ ಏನೆಂದರೆ ಈಗಾಗಲೇ ಚೆನ್ನಾಗಿ ಇಳುವರಿ ಕೊಡುತ್ತಿರುವ ಕ್ಲೋನ್‌ಗೇ ಇದನ್ನು ಸೇರಿಸಬಹುದು. ಮೊದಲಿನಿಂದ ಹೊಸ ಸೆಲ್ ಲೈನ್ ಕಟ್ಟಬೇಕಿಲ್ಲ. ಎಲ್-ಫ್ಯೂಕೋಸ್ ಹಾಕಿ ಹಿಂದಕ್ಕೂ ಬರಬಹುದು. ಇನ್ನೂ ಕೊಲ್ಲುವ ಶಕ್ತಿ ಎಷ್ಟು ಬೇಕೆಂದು ತಿಳಿಯದ, ಶೇ 10, ಶೇ 30, ಶೇ 60 ಫ್ಯೂಕೋಸ್ ಇಲ್ಲದ ಮಾದರಿಗಳನ್ನು ಪಕ್ಕಪಕ್ಕ ಪರೀಕ್ಷಿಸಬೇಕಾದ ತಂಡಕ್ಕೆ ಇದಕ್ಕಿಂತ ಒಳ್ಳೆಯದು ನನಗೆ ಕಾಣುವುದಿಲ್ಲ.

ಐದನೆಯದು ಜೀನ್ ಮುಟ್ಟದ ದಾರಿ. ಮೀಡಿಯಾಕ್ಕೆ 2-ಫ್ಲೂರೊಫ್ಯೂಕೋಸ್ ಹಾಕಿದರೆ ಸೆಲ್ ಫ್ಯೂಕೋಸ್ ತಯಾರಿ ನಿಲ್ಲಿಸುತ್ತದೆ. ನಾಳೆಯೇ ಮಾಡಿ ನೋಡಬಹುದು. ಆರಂಭದ ಪರೀಕ್ಷೆಗೆ ಬೇರೇನೂ ಬೇಡ. ದೊಡ್ಡ ತಯಾರಿಕೆಗೆ ಹೋದರೆ ಪ್ರತಿ ಬ್ಯಾಚಿನಲ್ಲೂ ಆ ರಾಸಾಯನಿಕ ಕೊಳ್ಳಬೇಕು, ಶುದ್ಧೀಕರಣದಲ್ಲಿ ಅದು ಹೋಗಿದೆ ಎಂದು ತೋರಿಸಬೇಕು, ಪ್ರೋಟೀನಿಗೇ ಅದು ಚೂರುಪಾರು ಅಂಟಿಲ್ಲ ಎಂದೂ ತೋರಿಸಬೇಕು.

ಇವೆಲ್ಲದರ ಹೊರಗೆ ವೈಬಿ2/0 ಎಂಬ ಇಲಿ ಜಾತಿಯ ಸೆಲ್ ಇದೆ. ಇದರಲ್ಲಿ ಎಫ್‌ಯುಟಿ8 ಸಹಜವಾಗಿಯೇ ಮಂಕು. 2022ರಲ್ಲಿ ಅನುಮತಿ ಪಡೆದ ಉಬ್ಲಿಟುಕ್ಸಿಮ್ಯಾಬ್ ಇದರಿಂದ ಬಂತು. ಜೀನ್ ತಿದ್ದುವ ಸೌಲಭ್ಯ ಇಲ್ಲದ ಕಾಲಕ್ಕೆ ಇದು ಜಾಣ ಆಯ್ಕೆ. ಈಗ ಸಿಎಚ್‌ಒದಲ್ಲೇ ಮಾಡಬಹುದಾದ್ದರಿಂದ ಹೊಸಬರಿಗೆ ಬೇಕಿಲ್ಲ.

ನನ್ನ ಮಾತು ಇಷ್ಟು. ಔಷಧದ ಕೆಲಸವೇ ಕೊಲ್ಲುವುದು, ಜಾಸ್ತಿ ಕೊಂದಷ್ಟೂ ಒಳ್ಳೆಯದು ಎಂಬುದು ಖಚಿತವಾಗಿದ್ದರೆ ಎಫ್‌ಯುಟಿ8 ತೆಗೆಯಿರಿ. ಅನುಮಾನ ಇದ್ದರೆ ಆರ್‌ಎಂಡಿ ಅಥವಾ ಜಿಎಂಡಿ. ಬರೀ ಪ್ರಯೋಗವಾದರೆ 2-ಫ್ಲೂರೊಫ್ಯೂಕೋಸ್. ಪ್ರತಿಕಾಯದ ಕೆಲಸ ಒಂದು ರಿಸೆಪ್ಟರನ್ನು ಸುಮ್ನೆ ಮುಚ್ಚಿಡುವುದಾದರೆ ಈ ಐದೂ ಬೇಡ. ಅಲ್ಲಿ ಕೊಲ್ಲುವ ಶಕ್ತಿ ಬಂದರೆ ಅನಾಹುತ. ಅಟೆಜೊಲಿಜುಮ್ಯಾಬ್ ಎಂಬ ಕ್ಯಾನ್ಸರ್ ಪ್ರತಿಕಾಯ ಮಾಡಿದವರು ಸಕ್ಕರೆ ಅಂಟುವ ಆಸ್ಪರಜಿನ್ನನ್ನೇ ಬದಲಿಸಿ ಎಫ್‌ಸಿಯಲ್ಲಿ ಸಕ್ಕರೆಯೇ ಇಲ್ಲದ ಹಾಗೆ ಮಾಡಿದರು. ಅದೂ ಒಂದು ಆಯ್ಕೆ, ಮರೆಯಬೇಡಿ.

ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯಬೇಕಾದರೆ

ಸಿಯಾಲಿಕ್ ಆಸಿಡ್ ಕೊಂಬೆಯ ಕಟ್ಟಕಡೆಯ ಸಕ್ಕರೆ. ಅದು ಬಿದ್ದುಹೋದರೆ ಕೆಳಗಿನ ಗ್ಯಾಲಕ್ಟೋಸ್ ಕಾಣಿಸುತ್ತದೆ. ಪಿತ್ತಜನಕಾಂಗದ ರಿಸೆಪ್ಟರ್ ಅದನ್ನು ಹಿಡಿದು ಪ್ರೋಟೀನನ್ನು ರಕ್ತದಿಂದ ಎತ್ತಿಬಿಡುತ್ತದೆ. ಆಶ್ವೆಲ್ ಮತ್ತು ಮೊರೆಲ್ ಎಂಬ ವಿಜ್ಞಾನಿಗಳು ಸಿಯಾಲಿಕ್ ಆಸಿಡ್ ಕಿತ್ತ ಸೆರುಲೋಪ್ಲಾಸ್ಮಿನ್ ಎಂಬ ರಕ್ತದ ಪ್ರೋಟೀನನ್ನು ಮೊಲಗಳಿಗೆ ಕೊಟ್ಟಾಗ ಅದು ನಿಮಿಷಗಳಲ್ಲಿ ಮಾಯವಾಯಿತು.

ಇದಕ್ಕೆ ಉತ್ತರ ಯಾವಾಗಲೂ ಸೆಲ್‌ನಲ್ಲೇ ಇರಬೇಕೆಂದಿಲ್ಲ. ಕೆಂಪು ರಕ್ತಕಣ ಹೆಚ್ಚಿಸುವ ಎರಿಥ್ರೊಪೊಯೆಟಿನ್ ನೋಡಿ. 165 ಅಮೈನೋ ಆಸಿಡ್, ಆಸ್ಪರಜಿನ್‌ಗೆ ಅಂಟಿದ ಮೂರು ಎನ್-ಕೊಂಬೆ, ಸೆರಿನ್‌ಗೆ ಅಂಟಿದ ಒಂದು ಒ-ಕೊಂಬೆ, ಹೆಚ್ಚೆಂದರೆ 14 ಸಿಯಾಲಿಕ್ ಆಸಿಡ್. ಅದರ ತಿದ್ದಿದ ರೂಪವಾದ ಡಾರ್ಬೆಪೊಯೆಟಿನ್ ಮಾಡಿದವರು ಸೆಲ್ ತಿದ್ದಲಿಲ್ಲ, ಪ್ರೋಟೀನನ್ನೇ ತಿದ್ದಿದರು. ಅಮೈನೋ ಆಸಿಡ್ ಬದಲಿಸಿ ಇನ್ನೆರಡು ಕೊಂಬೆಗೆ ಜಾಗ ಮಾಡಿದರು. ಸಿಯಾಲಿಕ್ ಆಸಿಡ್ 22ರವರೆಗೆ ಏರಿತು. ರಕ್ತನಾಳಕ್ಕೆ ಕೊಟ್ಟಾಗ ಅರ್ಧಾಯುಷ್ಯ ಸುಮಾರು ಎಂಟೂವರೆ ಗಂಟೆಯಿಂದ 25 ಗಂಟೆಗೆ ಹೋಯಿತು. ವಾರಕ್ಕೆ ಮೂರು ಸಲದ ಸೂಜಿ ಒಂದು ಸಲಕ್ಕೆ ಇಳಿಯಿತು ಅಂದರೆ ರೋಗಿಗೆ ಎಷ್ಟು ನೆಮ್ಮದಿ ಯೋಚಿಸಿ. ನಿಮ್ಮ ಪ್ರೋಟೀನಿನ ಸಾಲು ಬದಲಿಸುವ ಸ್ವಾತಂತ್ರ್ಯ ಇದ್ದರೆ ಮೊದಲು ಈ ದಾರಿ ಯೋಚಿಸಿ.

ಸಾಲು ಬದಲಿಸುವ ಹಾಗಿಲ್ಲ ಅಂದಾಗ ಸಿಎಚ್‌ಒಗೆ ಎಸ್‌ಟಿ6ಗ್ಯಾಲ್1 ಎಂಬ, ಆಲ್ಫಾ-2,6 ಕೊಂಡಿ ಹಾಕುವ ಕಿಣ್ವ ಸೇರಿಸಬಹುದು. ಆಗ ಆಲ್ಫಾ-2,3 ಮತ್ತು 2,6 ಎರಡೂ ಬೆರೆತು ಬರುತ್ತವೆ. ಬರೀ 2,6 ಬೇಕಾದರೆ ಸೆಲ್‌ನ ಸ್ವಂತ 2,3 ಕಿಣ್ವಗಳನ್ನೂ ತೆಗೆಯಬೇಕು. ಗ್ಯಾಲಕ್ಟೋಸ್ ಇಲ್ಲದ ಕವಲಿಗೆ ಸಿಯಾಲಿಕ್ ಆಸಿಡ್ ಅಂಟುವುದೇ ಇಲ್ಲ, ಹಾಗಾಗಿ ಮೊದಲು ಗ್ಯಾಲಕ್ಟೋಸ್ ಅಳೆಯಿರಿ. ಪ್ರತಿಕಾಯದ ಎಫ್‌ಸಿ ಕೊಂಬೆ ಎರಡು ಸರಪಳಿಗಳ ನಡುವೆ ಹುದುಗಿರುವುದರಿಂದ ಅಲ್ಲಿ ಕಿಣ್ವದ ಕೈ ಸುಲಭಕ್ಕೆ ತಲುಪದು. ಅಲ್ಲಿ ಎಸ್‌ಟಿ6ಗ್ಯಾಲ್1 ಮೇಲೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ.

ಜೀನ್‌ಗೆ ಕೈ ಹಾಕುವ ಮೊದಲು ಬಯೋರಿಯಾಕ್ಟರ್ ನೋಡಿ ಎಂದು ನಾನು ಹಟ ಹಿಡಿಯುವುದಕ್ಕೆ ಒಂದು ಕಾರಣ ಇದೆ. ನಾನು ಕೆಲಸ ಕಲಿಯುತ್ತಿದ್ದಾಗ ಒಂದು ಕ್ಲೋನ್‌ನ ಸಿಯಾಲಿಕ್ ಆಸಿಡ್ ಬ್ಯಾಚಿನಿಂದ ಬ್ಯಾಚಿಗೆ ಇಳಿಯುತ್ತಿತ್ತು. ಕ್ಲೋನ್ ಕೆಟ್ಟಿದೆ ಎಂದು ನಾವು ವಾರಗಟ್ಟಲೆ ಜೀನ್‌ಗಳನ್ನು ಹುಡುಕಿದೆವು. ಕೊನೆಗೆ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಕಂಡಿದ್ದು ಬೇರೆ. ಇಳುವರಿ ಇನ್ನಷ್ಟು ಬರಲಿ ಎಂದು ಹಾರ್ವೆಸ್ಟನ್ನು (ಪ್ರೋಟೀನ್ ಹೊರತೆಗೆಯುವ ದಿನವನ್ನು) ಒಂದೊಂದು ದಿನ ಮುಂದಕ್ಕೆ ತಳ್ಳುತ್ತಾ ಹೋಗಿದ್ದೆವು. ಕೊನೆಯ ದಿನಗಳಲ್ಲಿ ಸೆಲ್‌ಗಳು ಸಾಯುತ್ತವೆ, ಒಡೆದ ಸೆಲ್‌ನಿಂದ ಸಿಯಾಲಿಡೇಸ್ ಹೊರಬರುತ್ತದೆ, ಕಷ್ಟಪಟ್ಟು ಅಂಟಿಸಿದ ಸಿಯಾಲಿಕ್ ಆಸಿಡನ್ನು ಅದು ಕತ್ತರಿಸುತ್ತದೆ. ಹಾರ್ವೆಸ್ಟ್ ಹಿಂದಕ್ಕೆ ತಂದೆವು, ಸಿಯಾಲಿಕ್ ಆಸಿಡ್ ಮರಳಿತು. ಅಮೋನಿಯಾ ಏರಿದರೂ ಹೀಗೇ ಆಗುತ್ತದೆ. ಅದು ಗಾಲ್ಜಿಯ ಆಮ್ಲೀಯತೆ ಕೆಡಿಸಿ ಕಿಣ್ವಗಳನ್ನು ನಿಧಾನ ಮಾಡುತ್ತದೆ.

ಮೀಡಿಯಾ ತಿದ್ದುವುದು ಯಾವಾಗ ಸಾಕು

ಬಯೋಸಿಮಿಲರ್, ಅಂದರೆ ಈಗಾಗಲೇ ಇರುವ ಔಷಧವನ್ನು ಹೋಲುವ ಔಷಧ ಮಾಡುವವರಿಗೆ ಬಹಳ ಸಲ ಇದೇ ಸರಿಯಾದ ದಾರಿ. ಅವರಿಗೆ ಅತ್ಯುತ್ತಮ ಸಕ್ಕರೆ ಬೇಕಿಲ್ಲ, ಮೂಲ ಔಷಧದಷ್ಟೇ ಇರುವ ಸಕ್ಕರೆ ಬೇಕು. ಗ್ಯಾಲಕ್ಟೋಸ್ ಶೇಕಡಾ ಕೆಲವೇ ಅಂಶ ಕಡಿಮೆ ಬಂದರೆ ಯುರಿಡಿನ್, ಮ್ಯಾಂಗನೀಸ್, ಗ್ಯಾಲಕ್ಟೋಸ್ ಮೂರನ್ನೂ ಫೀಡ್‌ನಲ್ಲಿ ಕೊಟ್ಟು ಏರಿಸಬಹುದು. ಮೊದಲನೆಯದೂ ಮೂರನೆಯದೂ ಸೇರಿ ಅಂಟಿಸಲು ಬೇಕಾದ ಕಚ್ಚಾ ಸಾಮಗ್ರಿ ಯುಡಿಪಿ-ಗ್ಯಾಲಕ್ಟೋಸ್ ಆಗುತ್ತದೆ. ಗ್ಯಾಲಕ್ಟೋಸ್ ಅಂಟಿಸುವ ಕಿಣ್ವಕ್ಕೆ ಮ್ಯಾಂಗನೀಸ್ ಜೊತೆಗಾರ. ಗ್ಯಾಲಕ್ಟೋಸ್ ಹೆಚ್ಚಿದರೆ ಕಾಂಪ್ಲಿಮೆಂಟ್ ಎಂಬ ರಕ್ತದ ರಕ್ಷಣಾ ಪ್ರೋಟೀನ್‌ಗಳ ಮೂಲಕ ಕೊಲ್ಲುವ ಶಕ್ತಿಯೂ ಹೆಚ್ಚುತ್ತದೆ, ಆದ್ದರಿಂದ ಮೂಲ ಔಷಧದ ಅಳತೆ ದಾಟಬಾರದು. ಇಷ್ಟು ಸಣ್ಣ ಹೊಂದಾಣಿಕೆಗೆ ಜೀನ್ ತೆಗೆಯುವುದು ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಬಿಟ್ಟ ಹಾಗೆ.

ಮೀಡಿಯಾದಿಂದ ಆಗದ್ದು ಏನು? ಸೆಲ್‌ನಲ್ಲಿ ಇಲ್ಲದ ಕಿಣ್ವವನ್ನು ಅದು ತರಲಾರದು. ಹತ್ತಾರು ಬಗೆಯ ಕೊಂಬೆಗಳನ್ನು ಒಂದೇ ಬಗೆಗೆ ತರುವುದೂ ಸಾಮಾನ್ಯವಾಗಿ ಅದರಿಂದಾಗದು.

ಒಂದೇ ಬಗೆಯ ಕೊಂಬೆ ಬೇಕೆನ್ನುವವರಿಗೆ

2015ರಲ್ಲಿ ಕೋಪನ್‌ಹೇಗನ್‌ನ ಹೆನ್ರಿಕ್ ಕ್ಲಾಸೆನ್ ಅವರ ಗುಂಪು ಸಿಎಚ್‌ಒದಲ್ಲಿ ಸಕ್ಕರೆ ಅಂಟಿಸುವ 19 ಜೀನ್‌ಗಳನ್ನು ಬೇರೆಬೇರೆಯಾಗಿಯೂ ಜೋಡಿಸಿಯೂ ತೆಗೆದು, ಯಾವುದು ಹೋದರೆ ಕೊಂಬೆ ಹೇಗೆ ಬದಲಾಗುತ್ತದೆ ಎಂದು ತೋರಿಸಿತು. ಇವತ್ತು ಯಾರಾದರೂ ಸಿಎಚ್‌ಒ ತಿದ್ದಲು ಹೊರಟರೆ ಆ ನಕ್ಷೆ ಎದುರಿಗಿಟ್ಟುಕೊಂಡೇ ಹೊರಡಬೇಕು. ಅದಕ್ಕೂ ಒಂದು ವರ್ಷ ಮುಂಚೆ ಘೆಂಟ್‌ನ ನಿಕೊ ಕ್ಯಾಲೆವಾರ್ಟ್ ಅವರ ತಂಡ ಗ್ಲೈಕೊಡಿಲೀಟ್ ತಂದಿತ್ತು. ಹೆಕ್ 293ರಲ್ಲಿ ಒಂದು ಜೀನ್ ತೆಗೆದು, ಶಿಲೀಂಧ್ರದ ಒಂದು ಕಿಣ್ವ ಸೇರಿಸಿದರೆ, ಉದ್ದ ಕೊಂಬೆಯ ಬದಲು ಮೂರೇ ಸಕ್ಕರೆಯ ಚಿಕ್ಕ ಮೊಳಕೆ ಬರುತ್ತದೆ. ವೈವಿಧ್ಯ ಬಹಳ ಕಡಿಮೆ. ಎನ್‌ಕೆ ಕೋಶ ಕರೆಯಬೇಕಾದ ಪ್ರತಿಕಾಯಕ್ಕೆ ಇದು ಹೊಂದುವುದಿಲ್ಲ, ಮಿಕ್ಕವಕ್ಕೆ ಯೋಚಿಸಬಹುದು.

ಸೆಲ್ ಬಿಟ್ಟು, ಶುದ್ಧ ಮಾಡಿದ ಪ್ರೋಟೀನಿನ ಮೇಲೆ ಆಮೇಲೆ ಕೆಲಸ ಮಾಡುವುದೂ ಇದೆ. ಇಮಿಗ್ಲುಸೆರೇಸ್ ಹಾಗೆ ಆಯಿತು. ಪಾಂಪೆ ಕಾಯಿಲೆಗೆ 2021ರಲ್ಲಿ ಬಂದ ಅವಲ್‌ಗ್ಲುಕೊಸಿಡೇಸ್‌ನಲ್ಲಿ, ಕೋಶದ ಲೈಸೋಸೋಮ್ ತಲುಪಲು ಬೇಕಾದ ಮ್ಯಾನೋಸ್-6-ಫಾಸ್ಫೇಟನ್ನು ರಾಸಾಯನಿಕವಾಗಿ ಜೋಡಿಸುತ್ತಾರೆ. ಕೆಲಸ ನಿಖರ, ಆದರೆ ಪ್ರತಿ ಬ್ಯಾಚಿಗೂ ಒಂದು ಹೆಚ್ಚಿನ ಹಂತ, ಅದರ ಖರ್ಚು, ಅದರ ನಷ್ಟ. ಡೋಸ್ ಕಡಿಮೆ, ರೋಗಿಗಳು ಕೆಲವರೇ ಇರುವ ಔಷಧಕ್ಕೆ ಇದು ನಡೆಯುತ್ತದೆ. ಟನ್‌ಗಟ್ಟಲೆ ಬೇಕಾದ ಪ್ರತಿಕಾಯಕ್ಕೆ ನಾನು ಸೆಲ್‌ನೊಳಗೇ ಮಾಡಿ ಮುಗಿಸಿ ಎನ್ನುತ್ತೇನೆ.

ಯಾವ ಹಂತದಲ್ಲಿದ್ದೀರಿ ಎಂಬುದು

ರೋಗಿಗಳ ಮೇಲೆ ಪರೀಕ್ಷೆ ಶುರುವಾಗುವ ಮೊದಲು ಏನು ಬೇಕಾದರೂ ಬದಲಿಸಬಹುದು. ಶುರುವಾದ ಮೇಲೆ ಸೆಲ್ ಲೈನ್ ಬದಲಿಸಿದರೆ ಹಳೆಯ ಮತ್ತು ಹೊಸ ಪ್ರೋಟೀನ್ ಒಂದೇ ರೀತಿ ಇವೆ ಎಂದು ಐಸಿಎಚ್ ಕ್ಯೂ5ಇ ಎಂಬ ಅಂತಾರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ತೋರಿಸಬೇಕು. ಫ್ಯೂಕೋಸ್ ತೆಗೆದಿದ್ದರೆ ಒಂದೇ ರೀತಿ ಇರುವುದು ಹೇಗೆ? ಅದು ಹೊಸ ಔಷಧವೇ ಆಗಿಬಿಡುತ್ತದೆ. ಹಾಗಾಗಿ ಜೀನ್ ತೆಗೆಯುವ ನಿರ್ಧಾರ ಮೊದಲ ಆರು ತಿಂಗಳಲ್ಲೇ ಆಗಲಿ. ತಡವಾಗಿದ್ದರೆ ಮೀಡಿಯಾ, ತಾಪಮಾನ, ಹಾರ್ವೆಸ್ಟ್ ದಿನ, ಇಷ್ಟರಲ್ಲೇ ಆಡಿ.

ಕ್ಲೋನ್ ಆರಿಸುವಾಗ ಇಳುವರಿಯ ಪಟ್ಟಿ ಮುಂದಿಟ್ಟು ಮೇಲಿನ ಮೂರನ್ನು ಎತ್ತಿಕೊಳ್ಳುವ ಅಭ್ಯಾಸ ಇದೆ. ಸಕ್ಕರೆ ಮುಖ್ಯವಾದ ಪ್ರೋಟೀನಿಗೆ ಅದು ಸಾಲದು. ಮೇಲಿನ ಹತ್ತು ಹನ್ನೆರಡು ಕ್ಲೋನ್‌ಗಳ ಕೊಂಬೆ ಪರೀಕ್ಷೆ ಆಗಲೇ ಮಾಡಿಸಿ. ಅದೇ ಕ್ಲೋನ್‌ಗಳನ್ನು ಎರಡು ತಿಂಗಳು ಬೆಳೆಸಿ ಮತ್ತೊಮ್ಮೆ ಮಾಡಿಸಿ. ಸೇರಿಸಿದ ಜೀನ್ ಕುಗ್ಗುತ್ತಿದ್ದರೆ ಆ ಎರಡನೆಯ ಓಟದಲ್ಲಿ ಸಿಕ್ಕಿಬೀಳುತ್ತದೆ.

ಇನ್ನೊಂದು ಮಾತು. ಕ್ರಿಸ್ಪರ್ ಹಾಕುವ ಹಿಂದಿನ ದಿನ ಮೂಲ ಸೆಲ್‌ನ ಹತ್ತಿಪ್ಪತ್ತು ವಯಲ್‌ಗಳನ್ನು ಲಿಕ್ವಿಡ್ ನೈಟ್ರೋಜನ್‌ನಲ್ಲಿ ಇಡಿ, ಎರಡು ಬೇರೆಬೇರೆ ಟ್ಯಾಂಕ್‌ಗಳಲ್ಲಿ. ಪಾಸೇಜ್ ಸಂಖ್ಯೆ (ಸೆಲ್‌ಗಳನ್ನು ಎಷ್ಟು ಸಲ ಹೊಸ ತಟ್ಟೆಗೆ ದಾಟಿಸಿದ್ದೀರಿ), ತಾರೀಖು, ಮೀಡಿಯಾದ ಲಾಟ್ ನಂಬರ್ ಮೂರನ್ನೂ ಬರೆಯಿರಿ. ಎಫ್‌ಯುಟಿ8 ತೆಗೆದ ಸೆಲ್‌ಗೆ ಎಷ್ಟು ಎಲ್-ಫ್ಯೂಕೋಸ್ ಸುರಿದರೂ ಕೊಂಬೆಯ ಬುಡಕ್ಕೆ ಫ್ಯೂಕೋಸ್ ಮರಳುವುದಿಲ್ಲ. ಹಿಂದಿರುಗಬೇಕಾಗಿ ಬಂದರೆ ನಿಮ್ಮ ಕೈಯಲ್ಲಿ ಉಳಿಯುವುದು ಆ ವಯಲ್‌ಗಳು ಮಾತ್ರ.